ಹಿಟ್ಟಿನ ಕೋಲಿಗೆ ನಾಲ್ಕು ದಿನ ರಜ

ನನ್ನ ಬದುಕಿನಲ್ಲಿ ನಾನು ಮಾಡಿದ ಕಳ್ಳತನ ಒಂದೇ. ಕದ್ದದ್ದು ನಮ್ಮ ಮನೆಯದೇ ಹಿಟ್ಟಿನ ಕೋಲು, ಬಚ್ಚಿಟ್ಟದ್ದು ನಮ್ಮ ಮನೆಯದೇ ಸೌದೆ ಸಂದಿಯಲ್ಲಿ. ಇದೂ ಒಂದು ಕಳ್ಳತನವೇ ಅಂತ ನಗಬೇಡಿ. ಆ ಕೋಲು ಮಡಿಕೇರಿಯಲ್ಲಿ ನನ್ನ ಪ್ರಾಣ ಹಿಂಡಿದ್ದು ನನಗೆ ಗೊತ್ತು.

ಆಗ ಕೊಡಗೇ ಒಂದು ರಾಜ್ಯ, ಮಡಿಕೇರಿ ಅದರ ರಾಜಧಾನಿ. ನಾವಿದ್ದದ್ದು ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ. ನಮ್ಮವರು ಅಲ್ಲಿ ರೈಟರು. ಆಳುಗಳ ಹಾಜರಿ ಬರೆಯುವುದು, ಅವರಿರುವ ಲೈನು ಮನೆಗಳ ತಂಟೆ ತಕರಾರು ಬಗೆಹರಿಸುವುದು ಅವರ ಕೆಲಸ. ನಮಗೆ ಮದುವೆಯಾಗಿ ಎಂಟು ತಿಂಗಳಾಗಿತ್ತು. ಮನೆಯಲ್ಲಿ ಮೂರೇ ಜನ, ನಮ್ಮವರು, ಅವರ ತಾಯಿ, ನಾನು. ಅತ್ತೆಯ ಮನೆಯವರು ಹಿಂದೆ ಹಾಸನದ ಸೀಮೆಯಿಂದ ಬಂದು ಕುಶಾಲನಗರದ ಬಳಿ ಬೇಸಾಯಕ್ಕೆ ನಿಂತವರು. ಮಾವ ತೀರಿಕೊಂಡ ಮೇಲೆ ಅತ್ತೆ ಮಗನ ಜೊತೆ ಎಸ್ಟೇಟಿಗೆ ಬಂದರು. ಬರುವಾಗ ಏನೇನೋ ಬಿಟ್ಟು ಬಂದರಂತೆ, ಆದರೆ ರಾಗಿ ಬೀಸುವ ಕಲ್ಲನ್ನೂ ಹಿಟ್ಟಿನ ಕೋಲನ್ನೂ ಬಿಡಲಿಲ್ಲ.

ಹಿಟ್ಟಿನ ಕೋಲು ಎಂದರೆ ಮುದ್ದೆ ತೊಳಸುವ ಕೋಲು. ಕುದಿಯುವ ನೀರಿಗೆ ರಾಗಿ ಹಿಟ್ಟು ಬಿಟ್ಟು, ಅದು ಬೆಂದ ಮೇಲೆ ಮಡಕೆಯನ್ನು ಕೆಳಗಿಳಿಸಿ, ಎರಡು ಪಾದದ ನಡುವೆ ಬಟ್ಟೆ ಹಾಕಿ ಅದುಮಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತೊಳಸಬೇಕು. ಒಂದು ಗಂಟು ಉಳಿದರೂ ಅದು ಮುದ್ದೆಯಲ್ಲ. ರಟ್ಟೆ ಬಿದ್ದುಹೋಗುತ್ತದೆ, ಬೆವರು ಹಣೆಯಿಂದ ಮೂಗಿಗೆ ಇಳಿಯುತ್ತದೆ, ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ. ತವರಿನಲ್ಲಿ ನಾನು ಕಡೆಯವಳು. ಮೂವರು ಅಕ್ಕಂದಿರು ತೊಳಸಿ ಹಾಕಿದ್ದನ್ನು ಉಂಡು ಬೆಳೆದವಳು. ಇಲ್ಲಿ ಬಂದ ಮಾರನೆಯ ದಿನವೇ ಅತ್ತೆ ಕೋಲನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ದಿನಕ್ಕೆ ಎರಡು ಹೊತ್ತು, ಒಂದು ದಿನವೂ ತಪ್ಪಿದ್ದಿಲ್ಲ.

ನಮ್ಮ ಸುತ್ತ ಇದ್ದವರೆಲ್ಲ ಅನ್ನ ಉಣ್ಣುವವರು. ಪಕ್ಕದ ಮನೆಯ ಮಲಯಾಳಿ ಹೆಂಗಸು ಗಂಜಿ ಬಸಿದು, ಮೀನು ಸಾರು ಕುದಿಸಿ, ಹನ್ನೊಂದು ಗಂಟೆಗೆಲ್ಲ ಕಟ್ಟೆಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಧೈರ್ಯ ಮಾಡಿ, "ಅತ್ತೆ, ಇವತ್ತೊಂದಿನ ಅನ್ನಾನೇ ಮಾಡ್ಲಾ?" ಅಂದೆ.

"ಯಾಕವ್ವ, ಯಾರ್ಗೆ ಜ್ವರ?" ಅಂದರು ಅತ್ತೆ. "ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ. ಅನ್ನ ತಿಂದವ ಏನ್ ಕಿತ್ತಾನು?"

ಅಲ್ಲಿಗೆ ಮಾತು ಮುಗಿಯಿತು. ಬೆಟ್ಟ ಕೀಳುವವರು ಯಾರೋ, ರಟ್ಟೆ ಬೀಳುವುದು ಯಾರದೋ. ನನಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ಅತ್ತೆಯ ಎದುರು ಅದು ಮೂಗಿನಿಂದ ಆಚೆ ಬರುತ್ತಿರಲಿಲ್ಲ.

ತೊಳಸುವುದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಮುದ್ದೆಯ ರುಚಿ ಇರುವುದೆಲ್ಲ ಬಿಸಿಯಲ್ಲಿ. ಬಿಸಿಯಿದ್ದರೆ ಗಂಟಲಲ್ಲಿ ತಾನಾಗಿ ಜಾರುತ್ತದೆ, ಆರಿದರೆ ಮೇಲೆ ತೊಗಟೆ ಕಟ್ಟುತ್ತದೆ. ಅತ್ತೆಗೂ ಮಗನಿಗೂ ಬಡಿಸಿ, ಸಾರು ನೀಡಿ, ನೀರು ಕೊಟ್ಟು, "ಇನ್ನರ್ಧ ಮುರಿದು ಹಾಕು" ಅಂದಾಗ ಹಾಕಿ, ಅವರು ಕೈ ತೊಳೆದ ಮೇಲೆ ನಾನು ತಟ್ಟೆ ಎಳೆದುಕೊಳ್ಳುವ ಹೊತ್ತಿಗೆ ನನ್ನ ಮುದ್ದೆ ತೊಗಟೆ ಕಟ್ಟಿರುತ್ತಿತ್ತು. ತೊಳಸುವವಳು ನಾನು, ಎಂಟು ತಿಂಗಳಲ್ಲಿ ಒಂದು ದಿನವೂ ಬಿಸಿ ಮುದ್ದೆ ಉಂಡವಳು ನಾನಲ್ಲ.

ಹೀಗಿರುವಾಗ ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಮುಗಿಯಿತು. ನಮ್ಮ ಎಸ್ಟೇಟಿನ ದೊರೆ ಇಂಗ್ಲಿಷಿನವನು. ಅವನೂ ದೊರೆಸಾನಿಯೂ ಹಿಂದಿನ ವರ್ಷ ರಜೆಗೆ ವೆಸ್ಟ್ ಇಂಡೀಸಿನ ಒಂದು ದ್ವೀಪಕ್ಕೆ ಹೋಗಿ ಬಂದಿದ್ದರು. ದೊರೆಸಾನಿಯ ತಂಗಿ ಅಲ್ಲಿದ್ದಳಂತೆ. ದೊರೆಸಾನಿ ಆಫೀಸಿಗೆ ಬಂದಾಗ ನಮ್ಮವರ ಹತ್ತಿರ ಆ ಕಥೆಯನ್ನೆಲ್ಲ ಹೇಳಿದ್ದಾಳೆ. ಇವರು ಅದನ್ನು ಮನೆಗೆ ಹೊತ್ತು ತಂದರು.

"ಬೆಳಿಗ್ಗೆ ಒಂದು ಹೋಟ್ಲಂತೆ, ಮಧ್ಯಾಹ್ನ ಇನ್ನೊಂದು ಹೋಟ್ಲಂತೆ. ಎರಡರ ನಡುವೆ ಅಂಗಡಿ ಬೀದಿ ಸುತ್ತೋದು. ಚಿಪ್ಪಿನ ಸರ, ಹುಲ್ಲಿನ ಟೋಪಿ, ಏನೇನೋ ತಂದವ್ರೆ. ರಜ ಅಂದ್ರೆ ಹಂಗಿರ್ಬೇಕು ನೋಡು. ಇದ್ದಷ್ಟು ದಿನ ಒಲೆ ಹತ್ತಿಸ್ಲೇ ಇಲ್ವಂತೆ."

ಸಮುದ್ರ, ದ್ವೀಪ, ಚಿಪ್ಪಿನ ಸರ ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. "ಒಲೇನೇ ಹತ್ತಿಸ್ಲಿಲ್ವಂತಾ?" ಅಂದೆ.

ನಮ್ಮವರಿಗೆ ಹಿಂದಿನ ವರ್ಷದಿಂದ ಉಳಿದಿದ್ದ ರಜೆ ನಾಲ್ಕು ದಿನ ಇತ್ತು. ದ್ವೀಪವಂತೂ ದೂರದ ಮಾತು, ನಮ್ಮ ರಾಜಧಾನಿಗಾದರೂ ಹೋಗಿ ಬರೋಣ, ಹೋಟ್ಲಲ್ಲೇ ಉಣ್ಣೋಣ, ಅಂಗಡಿ ಸುತ್ತೋಣ ಎಂದು ನಮ್ಮವರು ತೀರ್ಮಾನ ಮಾಡಿದರು. ಮಡಿಕೇರಿಯಲ್ಲಿ ಒಬ್ಬ ಭಟ್ಟರ ಹೋಟೆಲು, ಅದರ ಮಹಡಿಯ ಮೇಲೆ ಬಾಡಿಗೆಗೆ ಎರಡು ಕೋಣೆ. ಅದಕ್ಕೆ ಕಾಗದ ಬರೆದರು. ನಾನು ದೇವರ ಮುಂದೆ ನಿಂತು ಹರಕೆ ಹೊತ್ತ ಹಾಗೆ ಮನಸ್ಸಿನಲ್ಲೇ ಆಣೆ ಇಟ್ಟುಕೊಂಡೆ. ನಾಲ್ಕು ದಿನ ಯಾರೋ ಬೇಯಿಸಿದ್ದನ್ನು ಯಾರೋ ಬಡಿಸಬೇಕು, ನಾನು ಕೂತು ಬಿಸಿಯಾಗಿ ಉಣ್ಣಬೇಕು, ಕೋಲು ಮುಟ್ಟಬಾರದು.

"ರಾಜಧಾನಿ ಅಂತೀಯ, ನಾನೂ ಬತ್ತೀನಿ ಬಿಡು ಮಗ," ಅಂದರು ಅತ್ತೆ.

ಬರಲಿ, ಪಾಪ. ಅವರೂ ಮಡಿಕೇರಿ ನೋಡಿದವರಲ್ಲ. ನನಗೆ ಅದರಲ್ಲಿ ಏನೂ ಬೇಸರವಿರಲಿಲ್ಲ. ಬೇಸರವಾದದ್ದು ಹೊರಡುವ ದಿನ ಬೆಳಿಗ್ಗೆ, ಅತ್ತೆ ತಮ್ಮ ಬುಟ್ಟಿ ತುಂಬುವುದನ್ನು ಕಂಡಾಗ. ಮೊದಲು ಸೀರೆ, ಅದರ ಮೇಲೆ ಬಿಳೀ ಬಟ್ಟೆಯಲ್ಲಿ ಕಟ್ಟಿದ ರಾಗಿ ಹಿಟ್ಟು, ಪುಟ್ಟದೊಂದು ಮಡಕೆ, ಕೊನೆಗೆ ಓರೆಯಾಗಿ ಹಿಟ್ಟಿನ ಕೋಲು.

"ನೀವಿಬ್ರೂ ಹೋಟ್ಲಲ್ಲಿ ತಿನ್ನಿ. ನಂಗೆ ಎರಡು ಹೊತ್ತು ಒಂದೊಂದು ಮುದ್ದೆ ಸಾಕು. ಸೊಸೆ ಇದ್ದಾಳಲ್ಲ, ತೊಳಸ್ತಾಳೆ," ಅಂದರು.

ಅತ್ತೆ ಹಿತ್ತಲಿಗೆ ಹೋದ ಹೊತ್ತು ನೋಡಿ, ಯೋಚನೆ ಮಾಡದೆ, ಬುಟ್ಟಿಯಿಂದ ಕೋಲನ್ನು ಎಳೆದು ಒಲೆಯ ಪಕ್ಕದ ಸೌದೆ ಸಂದಿಗೆ ತುರುಕಿದೆ. ಬುಟ್ಟಿಯ ಮೇಲೆ ಟವೆಲು ಮುಚ್ಚಿದೆ. ಆಮೇಲೆ ಅತ್ತೆ ಒಲೆ ಆರಿದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಒಳಗೆ ಹೋಗಿ ಬಂದರು. ನಾವು ಬಾಗಿಲು ಹಾಕಿಕೊಂಡು ಬಸ್ಸಿಗೆ ನಡೆದೆವು.

ಬಸ್ಸಿನ ಸುಖವನ್ನು ಏನು ಹೇಳಲಿ! ಕಿಟಕಿಯ ಪಕ್ಕ ನಾನು. ದಾರಿಯುದ್ದಕ್ಕೂ ಕಾಫಿ ತೋಟ, ಕಿತ್ತಳೆ ಗಿಡ, ತಿರುವು. ಒಂದೊಂದು ತಿರುವಿಗೂ ಅತ್ತೆ "ಶಿವನೇ" ಅನ್ನುತ್ತಿದ್ದರು. ನಾನು ನನ್ನ ಎರಡು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದೆ. ನಾಲ್ಕು ದಿನ ರಜ, ಮಲಗಿ, ಅಂದೆ ಅವಕ್ಕೆ.

ಮಡಿಕೇರಿಯಲ್ಲಿ ಮಹಡಿ ಹತ್ತಿ ಕೋಣೆಗೆ ಹೋದದ್ದೇ ತಡ, ಅತ್ತೆ ಬುಟ್ಟಿ ಬಿಚ್ಚಿದರು. ಸೀರೆ ಬಂತು, ಹಿಟ್ಟು ಬಂತು, ಮಡಕೆ ಬಂತು. ಬುಟ್ಟಿಯನ್ನು ತಲೆಕೆಳಗು ಮಾಡಿ ಕೊಡವಿದರು.

"ಕೋಲೆಲ್ಲವ್ವ?"

"ಅಯ್ಯೋ! ಇಲ್ವಾ ಅತ್ತೆ? ಬಸ್ಸಲ್ಲೇ ಬಿದ್ದೋಯ್ತೇನೋ!" ನನ್ನ ಬಾಯಿಂದ ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಗಾಬರಿಯಾಯಿತು.

ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಹಾಸಿಗೆಯ ಮೇಲೆ ಕೂತು, "ನಮ್ಮತ್ತೆ ಕಾಲದ್ದು ಕಣವ್ವ ಅದು. ಹಾಸನ್ದಿಂದ ಗಾಡೀಲಿ ಬಂದಿದ್ದು," ಅಂದರು.

ಇದು ನನಗೆ ಗೊತ್ತಿರಲಿಲ್ಲ. ಯಾವುದೋ ಕಟ್ಟಿಗೆ ಅಂದುಕೊಂಡಿದ್ದೆ. ನಮ್ಮವರು ತಾಯಿಯ ಮುಖ ನೋಡಿದವರೇ ಅಂಗಿ ಕೊಡವಿಕೊಂಡು ಎದ್ದರು. "ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟ್ರನ್ನ ಕೇಳ್ಕೊಂಡು ಬತ್ತೀನಿ ಅವ್ವ, ಸಿಕ್ಕೇ ಸಿಗುತ್ತೆ."

"ಬೇಡ ರೀ, ಊಟ ಮಾಡಿ ಹೋಗಿ," ಅಂದೆ ನಾನು.

"ಹೋಗಿ ಬರ್ಲಿ ಬಿಡು," ಅಂದರು ಅತ್ತೆ.

ಹೀಗೆ ದೊರೆಯ ಹಾಗೆ ರಜೆ ಕಳೆಯಬೇಕೆಂದು ಬಂದ ನಮ್ಮವರು ಮೊದಲ ಮಧ್ಯಾಹ್ನವನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಟ್ಟಿನ ಕೋಲು ಹುಡುಕುತ್ತ ಕಳೆದರು. ಕೆಳಗೆ ಹೋಟೆಲಿನಲ್ಲಿ ಹೆಂಗಸರಿಗೆಂದು ಪರದೆ ಕಟ್ಟಿದ ಫ್ಯಾಮಿಲಿ ರೂಮು ಇತ್ತು. ನಾನೂ ಅತ್ತೆಯೂ ಅಲ್ಲಿ ಕೂತೆವು. ಬಾಳೆ ಎಲೆ ಬಂತು. ಪಲ್ಯ, ಕೋಸಂಬರಿ, ಹಪ್ಪಳ, ಹೊಗೆಯಾಡುವ ಅನ್ನ. ಬಡಿಸುವ ಆಸಾಮಿ ನನ್ನ ಎಲೆಗೆ ಮೊದಲು ಬಡಿಸಿದ. ನಾನು ಅಭ್ಯಾಸಬಲದಿಂದ ಎದ್ದು ಅವನ ಕೈಯಿಂದ ಸೌಟು ಇಸಿದುಕೊಂಡು ಅತ್ತೆಗೆ ಬಡಿಸಲು ಹೋದೆ.

"ಎಂತ ಅಮ್ಮಾ, ನನ್ನ ಕೆಲ್ಸ ತೆಗೀತೀರಾ? ಕೂತ್ಕೊಳ್ಳಿ ಮಾರಾಯ್ರೆ," ಅಂದ ಅವನು.

ಕೂತೆ. ಬಿಸಿ ಅನ್ನಕ್ಕೆ ಬಿಸಿ ಹುಳಿ ಕಲಸಿ ಮೊದಲ ತುತ್ತು ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು. ಖಾರಕ್ಕಲ್ಲ. ಆ ಸಾರಿನಲ್ಲಿ ಖಾರವೇ ಇರಲಿಲ್ಲ.

"ಸಾರಿಗೆ ಬೆಲ್ಲ ಹಾಕವ್ರೆ!" ಎಂದು ಅತ್ತೆ ಗಟ್ಟಿಯಾಗಿ ಉದ್ಗರಿಸಿದರು. ಪರದೆಯ ಆಚೆಯಿಂದ ಭಟ್ಟರೇ ಬಂದು ನಿಂತರು. "ನಮ್ಮ ಕಡೆ ಸ್ವಲ್ಪ ಬೆಲ್ಲ ಹಾಕ್ತೇವೆ ಅಮ್ಮಾ, ರುಚಿಗೆ," ಅಂದರು.

"ರುಚಿಗೆ ಉಪ್ಪು ಹಾಕ್ತಾರೆ ಕಣಪ್ಪ, ಬೆಲ್ಲ ಹಾಕೋದು ಪಾಯಸಕ್ಕೆ. ಮುದ್ದೆ ಐತಾ?"

"ಮುದ್ದೆ ಇಲ್ಲ ಮಾರಾಯ್ರೆ. ಅನ್ನ ಉಂಟು, ದೋಸೆ ಉಂಟು."

ಅತ್ತೆ ಎರಡು ಹಿಡಿ ಅನ್ನ ಉಂಡು ಎಲೆ ಮಡಿಚಿದರು. ನಾನು ಮೂರು ಸಲ ಹಾಕಿಸಿಕೊಂಡೆ. ಎಲೆ ಎತ್ತಲು ಹೋದಾಗ ಮತ್ತೆ ಬೈಸಿಕೊಂಡೆ.

ಎರಡನೆಯ ದಿನ ನಮ್ಮವರು ಬೆಳಿಗ್ಗೆಯೇ ಮತ್ತೆ ಬಸ್ ಸ್ಟ್ಯಾಂಡಿಗೆ ಹೋದರು. ನಿನ್ನೆಯ ಬಸ್ಸು ಆ ಹೊತ್ತಿಗೆ ವಾಪಸು ಬರುತ್ತದಂತೆ. ಒಂದು ಸುಳ್ಳಿನ ಬಾಲಕ್ಕೆ ಇನ್ನೊಂದು ಸುಳ್ಳು ಕಟ್ಟುತ್ತ ನಾನು, "ಡ್ರೈವರ್ ಸೀಟಿನ ಕೆಳಗೂ ನೋಡಕ್ಕೆ ಹೇಳಿ," ಅಂದೆ. ಅತ್ತೆ ಕೆಮ್ಮಿದರು.

ನಾವಿಬ್ಬರೂ ಪರದೆಯ ಹಿಂದೆ ಕೂತು ಮಸಾಲೆ ದೋಸೆ ತರಿಸಿಕೊಂಡೆವು. ಅತ್ತೆ ಮಸಾಲೆ ದೋಸೆ ಕಂಡದ್ದು ಅದೇ ಮೊದಲು. ಮಡಿಕೆಯನ್ನು ಬಿಚ್ಚಿ ನೋಡಿ, ಒಳಗೆ ಆಲೂಗಡ್ಡೆ ಕಂಡು, "ಒಳಗೆ ಬಚ್ಚಿಟ್ಟವ್ರೆ!" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನಗೆ ಬಚ್ಚಿಡುವ ಮಾತು ಕೇಳಿ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಅತ್ತೆ ನನ್ನ ನೆತ್ತಿ ತಟ್ಟಿದರು. ದೋಸೆ ಪೂರ್ತಿ ಖಾಲಿಯಾಯಿತು. "ತಿಂಡಿಗೆ ಪರವಾಗಿಲ್ಲ. ಆದ್ರೆ ಇದು ಊಟ ಅಲ್ಲ," ಎಂದು ತೀರ್ಪು ಕೊಟ್ಟರು.

ನಮ್ಮವರು ಬರಿಗೈಯಲ್ಲಿ ಬಂದ ಮೇಲೆ ಅಂಗಡಿ ಬೀದಿಗೆ ಹೊರಟೆವು. ಅವರು ಬಂದದ್ದೇ ಟೋಪಿಗೆ. ದೊರೆಯಂಥದೇ ಟೋಪಿ ಬೇಕು. ಅಂಗಡಿಯವನು ಕೊಟ್ಟ ಮೊದಲನೆಯದು ಕಿವಿಯ ಮೇಲೆ ಕೂತಿತು, ಎರಡನೆಯದು ನೆತ್ತಿಯ ಮೇಲೇ ನಿಂತಿತು. "ಕಿವಿ ಮುಚ್ಚೋದೇ ತಗೊ ಮಗ, ಚಳಿಗಾದ್ರೂ ಆಯ್ತದೆ," ಅಂದರು ಅತ್ತೆ. ಅದನ್ನೇ ಕೊಂಡರು. ನನಗೆ ಹಸಿರು ಗಾಜಿನ ಬಳೆ ಕೊಡಿಸಿದರು. ಬಳೆಯವಳು ನನ್ನ ಅಂಗೈ ಹಿಚುಕಿ ನೋಡಿ, "ಇದೇನು ತಾಯಿ, ಇಷ್ಟು ಗಟ್ಟಿ ಕೈ?" ಎಂದಳು. ಕೋಲು ಹಿಡಿದ ಜಾಗ ದಡ್ಡುಗಟ್ಟಿತ್ತು. ಅತ್ತೆ ಬಗ್ಗಿ ನನ್ನ ಅಂಗೈ ನೋಡಿದರು. ಬೇಕಾದ್ದು ಕೊಳ್ಳವ್ವ ಎಂದು ನಮ್ಮವರು ತಾಯಿಗೂ ಹೇಳಿದರು, ಅತ್ತೆ ಒಂದು ಅಡಿಕೆ ಕತ್ತರಿಯನ್ನು ಎತ್ತಿ ನೋಡಿ ಕೆಳಗಿಟ್ಟರು.

ಮಧ್ಯಾಹ್ನ ಅತ್ತೆ ಮಜ್ಜಿಗೆ ಅನ್ನ ಎರಡು ತುತ್ತು ಉಂಡರು. ಸಂಜೆ ಬಾಳೆಹಣ್ಣು. ನಾನು ಮಾತ್ರ ಪೂರಿ, ಸಾಗು, ಕೇಸರಿಬಾತು, ಏನು ಬಂದರೂ ಬೇಡ ಅನ್ನಲಿಲ್ಲ. ಆದರೆ ಎಷ್ಟು ತಿಂದರೂ ಮೊದಲ ದಿನದ ಆ ತುತ್ತಿನ ಸುಖ ಬರಲಿಲ್ಲ. ಎದುರಿಗೆ ಒಬ್ಬರು ಬಾಳೆಹಣ್ಣು ಸುಲಿಯುತ್ತ ಕೂತಿದ್ದರೆ ಕೇಸರಿಬಾತು ಗಂಟಲಲ್ಲಿ ಹೇಗೆ ಇಳಿಯಬೇಕು? ಇವರು ನನ್ನ ಮೇಲೆ ಹಠಕ್ಕೆ ಉಪವಾಸ ಮಾಡುತ್ತಿದ್ದಾರೆ ಅಂತ ಒಮ್ಮೆ ಸಿಟ್ಟು, ಪಾಪ ಮುದುಕಿ ಅಂತ ಇನ್ನೊಮ್ಮೆ ಕನಿಕರ.

ಮೂರನೆಯ ದಿನ ಬೆಳಿಗ್ಗೆ ರಾಜಾಸೀಟು ನೋಡಲು ಹೋದೆವು. ಕೆಳಗೆ ಕಣಿವೆಯ ತುಂಬ ಮಂಜು, ಅದರೊಳಗಿಂದ ಒಂದೊಂದೇ ಗುಡ್ಡ ತಲೆ ಎತ್ತುತ್ತಿತ್ತು. ನಮ್ಮವರು ಟೋಪಿ ಹಾಕಿಕೊಂಡು ಆಚೆ ಈಚೆ ಓಡಾಡಿದರು. ವಾಪಸು ಬರುವಾಗ ಏರಿನಲ್ಲಿ ಅತ್ತೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

"ಒಸಿ ತಡಿ ಮಗ. ಹೊಟ್ಟೇಲಿ ಹಿಟ್ಟಿಲ್ಲ, ಕಾಲಲ್ಲಿ ಬಲ ಇಲ್ಲ."

ದಿನವೂ ಎಸ್ಟೇಟಿನ ಗುಡ್ಡ ಹತ್ತಿ ಇಳಿಯುತ್ತಿದ್ದ ಹೆಂಗಸು. ನನಗೆ ತಡೆಯಲಾಗಲಿಲ್ಲ. ಥೂ ನಿನ್ನ ರಜಕ್ಕೆ ಬೆಂಕಿ ಬೀಳ, ಎಂದು ನನಗೆ ನಾನೇ ಬೈದುಕೊಂಡೆ. ನಿಜ ಹೇಳುವ ಧೈರ್ಯ ಮಾತ್ರ ಬರಲಿಲ್ಲ. "ಏಳಿ ಅತ್ತೆ," ಅಂದೆ. "ಈ ಊರಲ್ಲೇ ಒಂದು ಕೋಲು ತಗೊಳ್ಳೋಣ. ನಾನೇ ತೊಳಸಿ ಹಾಕ್ತೀನಿ."

ಅಲ್ಲಿಗೆ ನನ್ನ ಆಣೆ ಮುರಿಯಿತು. ನಮ್ಮವರನ್ನು ಕೋಣೆಗೆ ಕಳಿಸಿ ನಾವಿಬ್ಬರು ಅಂಗಡಿ ಬೀದಿಗೆ ಇಳಿದೆವು.

ಅನ್ನ, ಕಡುಬು, ಅಕ್ಕಿ ರೊಟ್ಟಿ ಉಣ್ಣುವ ಊರಿನಲ್ಲಿ ಹಿಟ್ಟಿನ ಕೋಲು ಯಾರು ಮಾರುತ್ತಾರೆ? ಪಾತ್ರೆ ಅಂಗಡಿಯವನು ಸೌಟು ತೋರಿಸಿದ. ಬುಟ್ಟಿ ಅಂಗಡಿಯವನು ಮೊರ ತೋರಿಸಿದ. ಇನ್ನೊಬ್ಬ ಒನಕೆಯನ್ನೇ ಎತ್ತಿ ತಂದ. ನಾಲ್ಕು ಅಂಗಡಿ ಮುಗಿದು ನಾವು ಸೋತು ನಿಂತಾಗ ಅತ್ತೆಯ ಕಣ್ಣು ಎದುರಿನ ಅಂಗಡಿಗೆ ಬಿತ್ತು. ಹೊರಗೆ ಸಾಲಾಗಿ ಕೋಲುಗಳನ್ನು ನಿಲ್ಲಿಸಿದ್ದರು. ಊರುಗೋಲು. ಕಾಫಿ ಗಿಡದ ಕಟ್ಟಿಗೆಯದು, ಥಳಥಳ ಹೊಳೆಯುತ್ತಿತ್ತು.

"ಇದು ನಮ್ ತೋಟದ ಕಾಫಿ ಸೌದೆ ಅಲ್ವೇನವ್ವ?" ಅಂದರು ಅತ್ತೆ. "ನಾವು ಒಲೆಗೆ ಹಾಕೋದಕ್ಕೆ ಪಾಲೀಸು ಹೊಡೆದು ಮಾರ್ತಾ ಕೂತವ್ರಲ್ಲ, ಎಲಾ ಇವ್ರ!"

ಅಂಗಡಿಯವನು ಮಲಯಾಳಿ, ಕನ್ನಡ ಚೆನ್ನಾಗಿಯೇ ಆಡುತ್ತಿದ್ದ. "ನಿಮಗಾ ಅಮ್ಮಾ? ಒಮ್ಮೆ ಊರಿ ನೋಡಿ, ಎತ್ತರ ಸರಿ ಉಂಟಾ ಅಂತ," ಎಂದು ಒಂದನ್ನು ಕೊಟ್ಟ.

ಅತ್ತೆ ಅದನ್ನು ಊರಲಿಲ್ಲ. ತಲೆಕೆಳಗು ಮಾಡಿ ಹಿಡಿದರು. ಅಂಗಡಿಯ ನಡುವೆ ನೆಲದ ಮೇಲೆ ಕೂತು, ಕಾಲು ಚಾಚಿ, ಪಾದಗಳ ನಡುವೆ ಮಡಕೆ ಇದೆಯೆಂಬಂತೆ ಅದುಮಿ, ಎರಡೂ ಕೈಯಲ್ಲಿ ಕೋಲು ಹಿಡಿದು ಗರಗರನೆ ತೊಳಸತೊಡಗಿದರು. ಅಂಗಡಿಯವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು.

"ಅಮ್ಮನಿಗೆ ಏನಾಯ್ತು?" ಎಂದು ಅವನು ನನ್ನನ್ನು ಮೆಲ್ಲಗೆ ಕೇಳಿದ.

"ಏನೂ ಆಗಿಲ್ಲ ಕಣಪ್ಪ," ಎಂದು ಅತ್ತೆಯೇ ಉತ್ತರ ಕೊಟ್ಟರು. "ಇದು ಉದ್ದ ಆಯ್ತು, ಗದ್ದಕ್ಕೆ ತಾಗುತ್ತೆ. ಗಿಡ್ಡಂದು ಕೊಡು. ಪಾಲೀಸು ಹಾಕಿರ್ಬಾರ್ದು, ಹಿಟ್ಟಿಗೆ ನಾತ ಹತ್ತುತ್ತೆ."

"ಹಿಟ್ಟಿಗಾ?"

"ಇನ್ಯಾತಕ್ಕೆ?"

ಅವನು ತಲೆ ಕೆರೆದುಕೊಂಡು ಒಳಗಿನಿಂದ ಪಾಲೀಸು ಕಾಣದ ನಾಲ್ಕು ಕೋಲು ತಂದ. ಅತ್ತೆ ನಾಲ್ಕನ್ನೂ ಕೂತೇ ತೊಳಸಿ ನೋಡಿದರು. ಮೂರನೆಯದು ಕೈಗೆ ಹೊಂದಿತು. ಹಿಡಿ ಬಾಗಿದ್ದದ್ದು ಮಾತ್ರ ಅವರಿಗೆ ಒಪ್ಪಿಗೆಯಾಗಲಿಲ್ಲ. "ಈ ಕೊಕ್ಕೆ ಯಾಕೆ?" ಅಂದರು. ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ಅವರೂ ನಕ್ಕುಬಿಟ್ಟರು. ಎಂಟು ತಿಂಗಳಲ್ಲಿ ನಾವಿಬ್ಬರು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಭಟ್ಟರು ತಮ್ಮ ಅಡುಗೆಮನೆಯೊಳಗೆ ಯಾರನ್ನೂ ಬಿಡುವವರಲ್ಲ. "ಹಿಂದಿನ ಅಂಗಳದಲ್ಲಿ ನೀರು ಕಾಯಿಸುವ ಒಲೆ ಉಂಟು, ಅದರಲ್ಲಿ ಮಾಡಿಕೊಳ್ಳಿ," ಅಂದರು. ಮೂರು ಕಲ್ಲಿನ ಒಲೆ. ನಾನು ಹೊಸ ಕೋಲನ್ನು ಬೂದಿಯಲ್ಲಿ ಉಜ್ಜಿ ಬಿಸಿನೀರಿನಲ್ಲಿ ತೊಳೆದೆ, ಮಡಕೆಯಲ್ಲಿ ನೀರಿಟ್ಟೆ, ಹಿಟ್ಟು ಬಿಟ್ಟೆ. ಹಿಟ್ಟು ತಕಪಕ ಕುದಿಯತೊಡಗಿತು. ಹೋಟೆಲಿನ ಅಡುಗೆಯವರು ಇಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಡಕೆ ಇಳಿಸಿ, ಸೀರೆ ಎತ್ತಿ ಕಟ್ಟಿ, ಕೂತು, ಕೋಲಿಗೆ ಕೈ ಚಾಚಿದೆ.

ಅತ್ತೆ ಕೋಲು ಕೊಡಲಿಲ್ಲ.

"ಅತ್ತ ಸರಿ," ಅಂದರು. ನನ್ನನ್ನು ಪಕ್ಕಕ್ಕೆ ತಳ್ಳಿ ತಾವೇ ಮಡಕೆಯ ಮುಂದೆ ಕೂತರು. "ನಾಕು ದಿನ ಕೋಲು ಮುಟ್ಬಾರ್ದು ಅಂತ್ಲೇ ಅಲ್ವೇನೆ ಅದನ್ನ ಸೌದೆ ಸಂದೀಲಿ ಇಟ್ಟಿದ್ದು? ಇನ್ನೂ ಮೂರೇ ದಿನ ಆಗಿರೋದು."

ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. "ಅತ್ತೆ..."

"ಒಲೆ ನೋಡಕ್ಕೆ ಅಂತ ಒಳಗೆ ಹೋದ್ನಲ್ಲ, ಆಗ್ಲೇ ಕಂಡೆ. ತುದಿ ಆಚೆ ಬಂದಿತ್ತು. ಬಚ್ಚಿಡಕ್ಕೂ ಬರಲ್ಲ ನಿಂಗೆ." ಅವರು ತೊಳಸುತ್ತಲೇ ಇದ್ದರು. ಆ ವಯಸ್ಸಿನಲ್ಲೂ ರಟ್ಟೆ ಎಷ್ಟು ಗಟ್ಟಿ! "ಅಲ್ಲಿಂದ ಎತ್ಕೊಂಡು ಬರ್ಬಹುದಿತ್ತು. ಬಾಯಿ ಬಿಟ್ಟು ಹೇಳ್ತೀಯೇನೋ ಅಂತ ಕಾದೆ. ಅತ್ತೆ, ನಂಗೆ ಸಾಕಾಗಿದೆ ಅಂತ ಒಂದು ಮಾತು ಅಂದಿದ್ರೆ ನಾನು ಹಿಟ್ಟನ್ನೇ ತರ್ತಿರ್ಲಿಲ್ಲ ಕಣೆ."

"ಹಂಗಾದ್ರೆ ಅವ್ರನ್ನ ಎರಡು ಸಲ ಬಸ್ ಸ್ಟ್ಯಾಂಡಿಗೆ..."

"ಹೋಗ್ಲಿ ಬಿಡು, ಅವ್ನಿಗೂ ಒಸಿ ಗೊತ್ತಾಗ್ಲಿ. ಕೂತಲ್ಲೇ ಮುದ್ದೆ ಬರುತ್ತೆ ಅಂದ್ಕೊಂಡವ್ನೆ."

ನನಗೆ ಅಳುವೂ ಬಂತು, ನಗುವೂ ಬಂತು. ತಪ್ಪಾಯ್ತು ಅತ್ತೆ ಅಂದೆ. ಅವರು ಕೋಲಿಗೆ ಅಂಟಿದ್ದನ್ನು ಬೆರಳಿಂದ ಬಳಿದರು.

"ಹಿಂದೆ ನಾನೂ ಆ ಕೋಲನ್ನ ಬಚ್ಚಿಟ್ಟಿದ್ದೆ. ಹುಲ್ಲಿನ ಮೆದೇಲಿ," ಅಂದರು. "ನಮ್ಮತ್ತೆ ಹುಡುಕಿ ತಂದು ಅದ್ರಲ್ಲೇ ಬಾರಿಸಿದ್ರು. ಆಮೇಲೆ ಮೂವತ್ತು ವರ್ಷ ಬಾಯಿ ಮುಚ್ಕೊಂಡು ತೊಳಸ್ದೆ, ಒಂದ್ ದಿನಾನೂ ಬಿಸಿ ಮುದ್ದೆ ಉಣ್ಲಿಲ್ಲ. ನಿನ್ನೆ ಬಳೆ ಅಂಗ್ಡೀಲಿ ನಿನ್ ಕೈ ನೋಡ್ದೆ. ನನ್ ಕೈಯಂಗೇ ಆಗಿತ್ತು."

ಅಂಗೈಗೆ ನೀರು ಮುಟ್ಟಿಸಿಕೊಂಡು ಮೊದಲ ಮುದ್ದೆ ಕಟ್ಟಿದರು. ಹಬೆ ಹಾರುತ್ತಿತ್ತು. ಅದನ್ನು ನನ್ನ ಎಲೆಗೆ ಹಾಕಿದರು.

"ನೀವು ಮೊದ್ಲು ಉಣ್ಣಿ ಅತ್ತೆ, ಮೂರು ದಿನ ಆಯ್ತು..."

"ಆರಿ ಹೋಗುತ್ತೆ, ಉಣ್ಣು ಮಗ."

ಭಟ್ಟರು ಒಳಗಿನಿಂದ ಹುಳಿ ಕಳಿಸಿದ್ದರು, ಅದೇ ಬೆಲ್ಲದ ಹುಳಿ. ನಾನು ಮುದ್ದೆ ಮುರಿದು, ಹುಳಿಯಲ್ಲಿ ಅದ್ದಿ, ನುಂಗಿದೆ. ಗಂಟಲಿಂದ ಹೊಟ್ಟೆಯವರೆಗೆ ಬಿಸಿ ಇಳಿಯಿತು. ಒಂದು ಗಂಟೂ ಇರಲಿಲ್ಲ. ಅಂಥ ಮುದ್ದೆಯನ್ನು ನಾನು ಇವತ್ತಿನವರೆಗೂ ತೊಳಸಿಲ್ಲ. ಅಷ್ಟರಲ್ಲಿ ನಮ್ಮವರು ಟೋಪಿ ಹಾಕಿಕೊಂಡು ಅಂಗಳಕ್ಕೆ ಬಂದು, ಹೆಂಡತಿ ಕೂತು ಉಣ್ಣುವುದನ್ನೂ ತಾಯಿ ಬಡಿಸುವುದನ್ನೂ ಕಂಡು ಬಾಯಿ ತೆರೆದು ನಿಂತರು.

"ಕೋಲು ಎಲ್ಲಿ ಸಿಕ್ತು?" ಅಂದರು.

"ಹೋಗಿ ಎಲೆ ತಗೊಂಬಾ," ಅಂದರು ಅತ್ತೆ. "ನಿಂಗೆ ಕಡೇಲಿ."

ಎಸ್ಟೇಟಿಗೆ ವಾಪಸು ಬಂದ ದಿನ ಸೌದೆ ಸಂದಿಯಿಂದ ಹಳೆಯ ಕೋಲನ್ನು ಎಳೆದವರು ಅತ್ತೆಯೇ. ಕೊಡವಿ, ಅದರ ಜಾಗದಲ್ಲಿ ನಿಲ್ಲಿಸಿ, ಪಕ್ಕದಲ್ಲೇ ಕೊಕ್ಕೆಯ ಕೋಲನ್ನೂ ನಿಲ್ಲಿಸಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ನಮ್ಮ ಮನೆಯಲ್ಲಿ ಅತ್ತೆಗೊಂದು ಕೋಲು ಸೊಸೆಗೊಂದು ಕೋಲು. ವಾರಕ್ಕೊಂದು ದಿನ, ಸಿದ್ದಾಪುರದ ಸಂತೆಯ ದಿನ, ಅತ್ತೆ ಬೆಳಿಗ್ಗೆ ಎದ್ದವರೇ "ಇವತ್ತು ಮಡಿಕೇರಿ ಕಣೆ" ಅನ್ನುತ್ತಿದ್ದರು. ಅಂದರೆ ಅಂದು ನಾನು ಒಲೆಯ ಹತ್ತಿರ ಸುಳಿಯುವ ಹಾಗಿಲ್ಲ. ಅವರು ಕೊಕ್ಕೆಯ ಕೋಲಿನಲ್ಲಿ ತೊಳಸಿ, ಮೊದಲ ಮುದ್ದೆ ನನಗೆ ಹಾಕುತ್ತಿದ್ದರು. ನಮ್ಮವರು ಸಂತೆಯಿಂದ ಬಂದು ಕಡೆಯಲ್ಲಿ ಉಣ್ಣುವುದನ್ನು ಕಲಿತರು. ಉಳಿದ ಆರು ದಿನ ಕೋಲು ನನ್ನದೇ, ಅದರಲ್ಲೇನೂ ರಿಯಾಯಿತಿ ಇರಲಿಲ್ಲ. ಗಂಟು ಸಿಕ್ಕರೆ ಎತ್ತಿ ತೋರಿಸುವುದನ್ನೂ ಅವರು ಬಿಡಲಿಲ್ಲ.

ವರ್ಷಗಳು ಹೋದವು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಮಡಿಕೇರಿ ರಾಜಧಾನಿಯಾಗಿ ಉಳಿಯಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ವಾರಕ್ಕೊಮ್ಮೆ ಮಡಿಕೇರಿ ಬರುತ್ತಲೇ ಇತ್ತು. ಅತ್ತೆಯ ಮಂಡಿ ಸೋತಾಗ ಆ ಕೋಲಿನ ಕೊಕ್ಕೆ ಯಾತಕ್ಕೆ ಅಂತ ಅವರಿಗೆ ಗೊತ್ತಾಯಿತು. ಅದನ್ನೇ ಊರಿಕೊಂಡು ಅಂಗಳದಲ್ಲಿ ಓಡಾಡಿದರು. ಆಮೇಲೆ ಅದೂ ಆಗದೆ ಹಾಸಿಗೆ ಹಿಡಿದರು. ಬಾಯಿಗೆ ಏನೂ ಬೇಡ ಅನ್ನುತ್ತಿದ್ದರು. ಡಾಕ್ಟರು ಗಂಜಿ ಕೊಡಿ ಅಂದರು. ಗಂಜಿ ಅಂದರೆ ಅವರು ಗೋಡೆಯ ಕಡೆ ಹೊರಳುತ್ತಿದ್ದರು.

ಒಂದು ಬೆಳಿಗ್ಗೆ ನಾನು ಕೊಕ್ಕೆಯ ಕೋಲನ್ನು ತೊಳೆದು, ಒಂದಿಷ್ಟು ಬೇಳೆ ಹಾಕಿ ತೆಳ್ಳಗೆ ಸಾರು ಮಾಡಿ, ಪುಟ್ಟ ಮಡಕೆಯಲ್ಲಿ ಒಂದೇ ಒಂದು ಮುದ್ದೆ ಮೆತ್ತಗೆ ತೊಳಸಿದೆ. ಯಾರಿಗೂ ಬಡಿಸದೆ, ಹಬೆ ಹಾರುವಾಗಲೇ ತಟ್ಟೆ ಹಿಡಿದು ಹಾಸಿಗೆಯ ಪಕ್ಕ ಕೂತೆ.

"ಅತ್ತೆ, ಏಳಿ. ಇವತ್ತು ಮಡಿಕೇರಿ," ಅಂದೆ.

ಅವರು ಕಣ್ಣು ಬಿಟ್ಟು ತಟ್ಟೆ ನೋಡಿದರು, ನನ್ನ ಮುಖ ನೋಡಿದರು. ಬಟಾಣಿಯಷ್ಟು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ನುಂಗಿದರು. ಮೆಲ್ಲಗೆ ಕೇಳಿದರು.

"ಸಾರಿಗೆ ಬೆಲ್ಲ ಹಾಕಿಲ್ಲ ತಾನೆ?"

ಹಾಕಿಲ್ಲ ಅತ್ತೆ, ಅಂದೆ. ಅವರು ಇನ್ನೊಂದು ತುತ್ತಿಗೆ ಬಾಯಿ ತೆರೆದರು.